ಮಾಡಿನಲ್ಲಿ ಎರಡು ಬಗೆಯ ಬಾಗು

ಕರಾವಳಿಯ ಹಂಚಿನ ಮನೆಯೊಳಗೆ ನಿಂತು ತಲೆಯೆತ್ತಿದರೆ ಸಿವಿಲ್ ಎಂಜಿನಿಯರಿಂಗ್‌ನ ಮುಖ್ಯ ಪಾಠವೊಂದು ಕಣ್ಣೆದುರೇ ಇರುತ್ತದೆ. ಮಾಡಿನ ನೆತ್ತಿಯಿಂದ ಸೂರಿನವರೆಗೆ ಇಳಿಜಾರಾಗಿ ಬಂದಿರುವುದು ಪಕಾಸು. ಅದರ ಮೇಲೆ ಅಡ್ಡಲಾಗಿ ಹೊಡೆದಿರುವುದು ರೀಪು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹೋದ ಹಂಚನ್ನು ಹೊರುವುದು ಇವೆರಡೇ. ಹೊರುವ ಭಾರ ಒಂದೇ ಆದರೂ ಬಾಗುವ ಬಗೆ ಬೇರೆ ಬೇರೆ.

ಭಾರ ಎಳೆಯುವುದು ಯಾವಾಗಲೂ ನೇರ ಕೆಳಕ್ಕೆ. ಪಕಾಸು ಓರೆಯಾಗಿದ್ದರೂ ಅದರ ಎರಡೂ ಪಕ್ಕಗಳು ಲಂಬವಾಗಿಯೇ ಇರುತ್ತವೆ. ಹಾಗಾಗಿ ಅದು ತನ್ನ ಎತ್ತರದ ದಿಕ್ಕಿನಲ್ಲಷ್ಟೇ ಬಾಗುತ್ತದೆ. ಇದು ಸಮಮಿತ ಬಾಗು. ರೀಪು ಇಳಿಜಾರಿನ ಮೇಲೆ ಕೂತದ್ದರಿಂದ ಅದರ ಮೈಯೇ ವಾಲಿರುತ್ತದೆ. ಭಾರದ ಒಂದು ಪಾಲು ಅದನ್ನು ಪಕಾಸಿಗೆ ಒತ್ತಿದರೆ, ಇನ್ನೊಂದು ಪಾಲು ಸೂರಿನತ್ತ ಜಾರಿಸುತ್ತದೆ. ಹೀಗೆ ಎರಡು ದಿಕ್ಕಿಗೂ ಒಟ್ಟಿಗೆ ಬಾಗುವುದೇ ಅಸಮಮಿತ ಬಾಗು. ಪಕಾಸುಗಳು ಹತ್ತಿರ ಹತ್ತಿರ ಇರುವುದರಿಂದ ರೀಪು ಇದನ್ನು ತಾಳಿಕೊಳ್ಳುತ್ತದೆ.

ಗೋದಾಮು, ಕಾರ್ಖಾನೆಗಳ ಶೀಟಿನ ಚಾವಣಿಯಲ್ಲಿ ಆ ಅನುಕೂಲವಿಲ್ಲ. ಅಲ್ಲಿ ರೀಪಿನ ಜಾಗದಲ್ಲಿರುವ ಪರ್ಲಿನ್ ಚಾವಣಿ ಹೊರುವ ಒಂದು ಚೌಕಟ್ಟಿನಿಂದ, ಅಂದರೆ ಟ್ರಸ್‌ನಿಂದ, ಇನ್ನೊಂದಕ್ಕೆ ಹಲವು ಮೀಟರ್ ಹಾಯಬೇಕು. 50 ಮಿ.ಮೀ. ಅಗಲ, 150 ಮಿ.ಮೀ. ಎತ್ತರದ ಮರದ ಪರ್ಲಿನ್ ಇದೆ ಎನ್ನೋಣ. ಎತ್ತರದ ದಿಕ್ಕಿನಲ್ಲಿ ಅದಕ್ಕಿರುವ ಬಿಗಿತದ ಒಂಬತ್ತನೇ ಒಂದು ಪಾಲು ಮಾತ್ರ ಅಡ್ಡ ದಿಕ್ಕಿನಲ್ಲಿದೆ. 30 ಡಿಗ್ರಿ ಇಳಿಜಾರಿನಲ್ಲಿ ಭಾರದ ಅರ್ಧದಷ್ಟು ಆ ದುರ್ಬಲ ದಿಕ್ಕಿಗೇ ಬೀಳುತ್ತದೆ. ಬೇರೆ ಯಾವ ಆಸರೆಯೂ ಇಲ್ಲದಿದ್ದರೆ, ನೆಟ್ಟಗೆ ಕೂರಿಸಿದಾಗ ಹುಟ್ಟುವ ಒತ್ತಡದ ಸುಮಾರು 2.4 ಪಟ್ಟು ಅದರ ಮೂಲೆಗಳಲ್ಲಿ ಹುಟ್ಟುತ್ತದೆ. ಮರವೂ ಅದೇ, ಭಾರವೂ ಅದೇ. ಬದಲಾದದ್ದು ಕೂತ ಕೋನ.

ಎಂಜಿನಿಯರುಗಳು ಇದಕ್ಕೆ ಸರಳ ಉಪಾಯಗಳನ್ನು ಕಂಡುಕೊಂಡಿದ್ದಾರೆ. ಪರ್ಲಿನ್‌ಗಳ ನಡುಮಧ್ಯವನ್ನು ಮಾಡಿನ ನೆತ್ತಿಗೆ ಎಳೆದು ಕಟ್ಟುವ ತೆಳು ಸರಳು ಒಂದು. ಅದರ ಹೆಸರು ಸ್ಯಾಗ್ ರಾಡ್. ಅದನ್ನು ಹಾಕಿದರೆ ಜಾರುವ ದಿಕ್ಕಿನಲ್ಲಿ ಪರ್ಲಿನ್ ಹಾಯಬೇಕಾದ ದೂರ ಅರ್ಧವಾಗುತ್ತದೆ, ಬಾಗಿಸುವ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಇನ್ನೊಂದು ಉಪಾಯ ಝೆಡ್ ಆಕಾರದ ಉಕ್ಕಿನ ಪರ್ಲಿನ್. ಅದರ ಬಲದ ದಿಕ್ಕೇ ಓರೆ. ಮೇಲಿನ ಅಂಚು ನೆತ್ತಿಯತ್ತ ಮುಖಮಾಡುವಂತೆ ಕೂರಿಸಿದರೆ ಆ ಓರೆ ಚಾವಣಿಯ ಇಳಿಜಾರನ್ನು ಸರಿದೂಗಿಸುತ್ತದೆ. ಸೂರಿನತ್ತ ತಿರುಗಿಸಿದರೆ ಅದೇ ಪರ್ಲಿನ್ ದುರ್ಬಲ.

ಚಾವಣಿ ಹಾಕಿಸುವಾಗ ನಾವು ಉಕ್ಕಿನ ತೂಕ ಕೇಳುತ್ತೇವೆ, ದರ ಕೇಳುತ್ತೇವೆ. ಪರ್ಲಿನ್ ಯಾವ ಕಡೆಗೆ ಮುಖಮಾಡಿದೆ, ನಡುವೆ ಸ್ಯಾಗ್ ರಾಡ್ ಇದೆಯೇ ಎಂದೂ ಕೇಳಬೇಕು. ಇನ್ನಷ್ಟು ಉಕ್ಕು ಸುರಿಯುವುದಕ್ಕಿಂತ, ಇರುವುದನ್ನು ಸರಿಯಾದ ದಿಕ್ಕಿಗೆ ಕೂರಿಸುವುದು ಅಗ್ಗವೂ ಹೌದು, ಭದ್ರವೂ ಹೌದು.