ಚಲನ ಸಂವೇದಕವೂ ಮೈಕ್ರೋಕಂಟ್ರೋಲರೂ: ಹೊಲಗಾವಲಿನ ದೃಷ್ಟಿಯಿಂದ ಒಂದು ವಿವೇಚನೆ

ಚನ್ನಗಿರಿಯ ಅಡಕೆ ತೋಟ, ತುಂಗಭದ್ರೆಯ ದಡದ ಹೊನ್ನಾಳಿಯ ಗದ್ದೆ, ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯ ಮೆಕ್ಕೆಜೋಳದ ಹೊಲ, ಮಳೆ ವಿರಳವಾದ ಜಗಳೂರಿನ ಬಯಲು—ಇವುಗಳಲ್ಲಿ ಬೆಳೆ ಬೇರೆ ಬೇರೆಯಾದರೂ ರೈತನ ಒಂದು ಕಷ್ಟ ಸಮಾನವಾದುದು. ಅದು ರಾತ್ರಿಯ ಕಾವಲು. ಕಾಡುಹಂದಿಗಳ ಹಿಂಡು ಹೊಕ್ಕ ಹೊಲದಲ್ಲಿ ಬೆಳಗಾಗುವುದರೊಳಗೆ ತಿಂದುದಕ್ಕಿಂತ ತುಳಿದುದೇ ಹೆಚ್ಚಾಗಿರುತ್ತದೆ. ಬೇಸತ್ತವರು ಕೆಲವೆಡೆ ಮನೆಯ ವಿದ್ಯುತ್ತನ್ನೇ ಬೇಲಿಯ ತಂತಿಗೆ ಹರಿಸುವುದುಂಟು. ಇದು ಕಾನೂನಿಗೆ ವಿರುದ್ಧವಾದುದು. ಮೃಗಗಳನ್ನಲ್ಲದೆ ದಾರಿ ತಪ್ಪಿ ಬಂದ ಮನುಷ್ಯರನ್ನೂ ಕೊಲ್ಲುವಂಥದು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವು 2011ರಲ್ಲಿ ಕೊಂಡುಕುರಿಗಳ ಅಭಯಾರಣ್ಯವೆಂದು ಘೋಷಿತವಾಗಿದೆ. ಅದರ ಅಂಚಿನಲ್ಲಿ ಇಂಥ ತಂತಿಯಿಂದಾಗುವ ಅನರ್ಥವನ್ನು ಬೇರೆ ಹೇಳಬೇಕಾಗಿಲ್ಲ. ಪ್ರಾಣಹಾನಿಯಿಲ್ಲದೆ ಎಚ್ಚರಿಕೆಯನ್ನು ಮಾತ್ರ ಕೊಡುವ ಸಾಧನವೊಂದನ್ನು ನಮ್ಮ ವಿದ್ಯಾರ್ಥಿಗಳೇ ರಚಿಸಬಹುದೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಸಂವೇದಕದ ತತ್ತ್ವವನ್ನು ನೋಡೋಣ. ಬಿಸಿಯಾದ ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ತಕ್ಕ ಅವಕೆಂಪು ಕಿರಣಗಳನ್ನು ಹೊರಸೂಸುತ್ತದೆ. ಪ್ರಾಣಿದೇಹದ ಉಷ್ಣತೆಗೆ ಈ ಕಿರಣಗಳ ತೀವ್ರತೆಯು ಸುಮಾರು 9ರಿಂದ 10 ಮೈಕ್ರೋಮೀಟರ್ ತರಂಗಾಂತರದಲ್ಲಿ ಅತ್ಯಧಿಕವಾಗಿರುತ್ತದೆ. ಪಿ.ಐ.ಆರ್. ಎಂದು ಹೆಸರಾದ ಸಂವೇದಕದಲ್ಲಿ, ಶಾಖ ಬದಲಾದಾಗ ವಿದ್ಯುದಾವೇಶವನ್ನು ತೋರುವ ಎರಡು ಸ್ಫಟಿಕಖಂಡಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿರುತ್ತಾರೆ. ಇಡೀ ಬಯಲು ಒಟ್ಟಾಗಿ ಬಿಸಿಯಾದರೆ ಎರಡರ ಪರಿಣಾಮವೂ ಒಂದನ್ನೊಂದು ಅಳಿಸಿಹಾಕುತ್ತದೆ. ಪ್ರಾಣಿಯೊಂದು ಅಡ್ಡಹಾಯ್ದರೆ ಮೊದಲು ಒಂದು ಖಂಡ, ಅನಂತರ ಇನ್ನೊಂದು ಅದನ್ನು ಕಾಣುತ್ತದೆ. ಆಗ ಸಂಕೇತ ಹುಟ್ಟುತ್ತದೆ. ಆದುದರಿಂದ ಸಂವೇದಕವನ್ನು ಪ್ರಾಣಿ ನೇರವಾಗಿ ಎದುರು ಬರುವಂತೆ ಇಡದೆ, ಅಡ್ಡಲಾಗಿ ಹಾದುಹೋಗುವಂತೆ ಇಡಬೇಕು.

ಹವ್ಯಾಸಿಗಳಲ್ಲಿ ಬಳಕೆಯಲ್ಲಿರುವ ಎ.ಎಂ.312 ಎಂಬ ಪುಟ್ಟ ಸಂವೇದಕಕ್ಕೆ ಮೂರು ಕಾಲುಗಳಿವೆ: ಒಂದು ಧನ, ಒಂದು ಋಣ, ನಡುವಿನದು ಸಂಕೇತ. ಅದು 2.7 ವೋಲ್ಟಿನಿಂದಲೇ ಕೆಲಸ ಮಾಡುತ್ತದೆ. ಕಾಯುತ್ತಿರುವಾಗ ಅದು ಬಳಸುವ ವಿದ್ಯುತ್ತು 0.1 ಮಿಲಿಆಂಪಿಯರಿಗೂ ಕಡಿಮೆ. ಚಲನೆ ಕಂಡಾಗ ಸಂಕೇತದ ಕಾಲು ಸುಮಾರು 3 ವೋಲ್ಟಿಗೆ ಏರುತ್ತದೆ. ಇಟಲಿಯಲ್ಲಿ 2005ರಲ್ಲಿ ಆರಂಭವಾದ ಆರ್ಡುಯಿನೋ ಫಲಕಗಳಲ್ಲಿ ಪ್ರಸಿದ್ಧವಾದ ಊನೋದಲ್ಲಿರುವುದು ಎಟಿಮೆಗಾ328ಪಿ ಎಂಬ ಮೈಕ್ರೋಕಂಟ್ರೋಲರ್. ತನಗೆ ಒದಗಿಸಿದ ವೋಲ್ಟೇಜಿನ ಹತ್ತರಲ್ಲಿ ಆರು ಪಾಲಿನಷ್ಟು ಬಂದರೆ ಮಾತ್ರ ಅದು ಸಂಕೇತವನ್ನು 'ಉಂಟು' ಎಂದು ನಿಶ್ಚಯವಾಗಿ ಗ್ರಹಿಸುತ್ತದೆ. ಅದನ್ನು 5 ವೋಲ್ಟಿನಲ್ಲಿ ನಡೆಸಿದರೆ ಬೇಕಾದುದು 3 ವೋಲ್ಟ್. ಸಂಕೇತ ಆ ಗಡಿಯಲ್ಲಿಯೇ ನಿಲ್ಲುತ್ತದೆ. ಮೂರು ಪೆನ್‌ಸೆಲ್‌ಗಳ 4.5 ವೋಲ್ಟಿನಲ್ಲಿ ನಡೆಸಿದರೆ 2.7 ವೋಲ್ಟ್ ಸಾಕು; ಸೆಲ್ ಸವೆದಂತೆ ಅದೂ ಇಳಿಯುತ್ತದೆ. ಸಂವೇದಕದ ಮತ್ತು ಮೈಕ್ರೋಕಂಟ್ರೋಲರಿನ ಋಣತಂತಿಗಳು ಒಂದಾಗಿರಲೇಬೇಕೆಂಬುದನ್ನು ಮರೆಯಬಾರದು.

ಇನ್ನು ವಿದ್ಯುತ್ತಿನ ಲೆಕ್ಕ. ಊನೋ ಫಲಕವು ಸುಮ್ಮನಿದ್ದರೂ ಸುಮಾರು 45 ಮಿಲಿಆಂಪಿಯರ್ ಬಳಸುತ್ತದೆ. 2000 ಮಿಲಿಆಂಪಿಯರ್-ಗಂಟೆಯ ಸೆಲ್‌ಗಳು ಎರಡು ದಿನವೂ ಬಾಳವು. ಫಲಕದ ಮೇಲಿನ ವೋಲ್ಟೇಜ್ ನಿಯಂತ್ರಕ, ಯು.ಎಸ್.ಬಿ. ಚಿಪ್ ಮುಂತಾದವು ಮೈಕ್ರೋಕಂಟ್ರೋಲರ್ ನಿದ್ರಿಸಿದರೂ ಎಚ್ಚರವಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಚಿಪ್ಪನ್ನು ಮಾತ್ರ ಬೇರೆಯಾಗಿ ಬಳಸಿ, ಅದರ 8 ಮೆಗಾಹರ್ಟ್ಸ್ ಒಳ ಆಂದೋಲಕದಿಂದ ನಡೆಸಿ, ಗಾಢನಿದ್ರೆಗೆ ಕಳುಹಿಸಿದರೆ, ಅದರ ಖರ್ಚು ಗಣನೆಗೆ ಬಾರದಷ್ಟು ಅಲ್ಪ. ಸಂಕೇತದ ಕಾಲಿನ ಸ್ಥಿತಿ ಬದಲಾದೊಡನೆ ಅದು ಎಚ್ಚೆತ್ತುಕೊಳ್ಳುವಂತೆ ಕ್ರಮವಿಧಿಯಲ್ಲಿ ಏರ್ಪಡಿಸಬೇಕು. ದೀಪ ಬೆಳಗಿಸಿ, ಸಂಕೇತ ಇಳಿಯುವವರೆಗೆ ಕಾದು, ಮತ್ತೆ ನಿದ್ರಿಸುವಂತೆ ಮಾಡಬೇಕು. ದೀಪವನ್ನು ಚಿಪ್ಪಿನ ಕಾಲಿಗೆ ನೇರವಾಗಿ ಜೋಡಿಸದೆ ಟ್ರಾನ್ಸಿಸ್ಟರಿನ ಮೂಲಕ ಜೋಡಿಸಬೇಕು.

ಹೀಗೆ ಮಾಡಿದಲ್ಲಿ, ಕಾಯುವುದಕ್ಕೆ ದಿನಕ್ಕೆ ಹೆಚ್ಚೆಂದರೆ 2.4 ಮಿಲಿಆಂಪಿಯರ್-ಗಂಟೆ ಬೇಕು. ರಾತ್ರಿಗೆ ಇಪ್ಪತ್ತು ಸಲ, ಪ್ರತಿಸಲ ಹತ್ತು ಸೆಕೆಂಡು, 100 ಮಿಲಿಆಂಪಿಯರಿನ ದೀಪ ಹೊತ್ತಿದರೆ ಇನ್ನು 5.6 ಬೇಕು. ಒಟ್ಟು 8, ಸೆಲ್‌ಗಳು ಲೆಕ್ಕಕ್ಕೆ 250 ದಿನ ಬಾಳುತ್ತವೆ. ಆದರೆ ಇನ್ನೂರು ಸಲ ಹೊತ್ತಿದರೆ ಒಟ್ಟು 58 ಆಗಿ, ಬಾಳಿಕೆ 34 ದಿನಕ್ಕೆ ಇಳಿಯುತ್ತದೆ. ವಿದ್ಯುತ್ತನ್ನು ತಿನ್ನುವುದು ಕಾಯುವಿಕೆಯಲ್ಲ, ಸುಳ್ಳು ಎಚ್ಚರಿಕೆ. ಅದಕ್ಕಿಂತ ಹೆಚ್ಚಿನ ನಷ್ಟವೊಂದುಂಟು: ಹತ್ತು ಸಲ ಸುಮ್ಮನೆ ಎದ್ದುಬಂದ ರೈತ ಹನ್ನೊಂದನೆಯ ಸಲ ಏಳುವುದಿಲ್ಲ.

ಸುಳ್ಳು ಎಚ್ಚರಿಕೆಯ ಕಾರಣಗಳು ನೆಲದಿಂದ ನೆಲಕ್ಕೆ ಭಿನ್ನವಾಗಿವೆ. ಅಡಕೆ ತೋಟದಲ್ಲಿ ಹಗಲು ಗಾಳಿಗೆ ಅಲುಗುವ ಬಿಸಿಲು-ನೆರಳಿನ ತೇಪೆಗಳು ಸಂವೇದಕವನ್ನು ವಂಚಿಸುತ್ತವೆ. ಮೆಕ್ಕೆಜೋಳದ ಹೊಲದಲ್ಲಿ ಎದುರಿಗೇ ತೂಗುವ ಗರಿಗಳು ಇದೇ ಕೆಲಸ ಮಾಡುತ್ತವೆ. ಸಂವೇದಕವನ್ನು ಬದುವಿನ ಉದ್ದಕ್ಕೆ ತಿರುಗಿಸಿ ಬಿಡುವಾದ ಜಾಗವನ್ನು ನೋಡುವಂತಿಡುವುದು ಲೇಸು. ಜಗಳೂರಿನ ಬೇಸಗೆಯ ನಡುಹಗಲಿನಲ್ಲಿ ತೊಂದರೆ ಇದಕ್ಕೆ ವಿಪರೀತ: ನೆಲದ ಬಿಸಿ ದೇಹದ ಬಿಸಿಗೆ ಸಮೀಪಿಸಿದಾಗ ವ್ಯತ್ಯಾಸವೇ ಉಳಿಯದೆ ಸಂವೇದಕ ಕುರುಡಾಗುತ್ತದೆ. ರಾತ್ರಿಯಲ್ಲಿ ಈ ಅಡಚಣೆಯಿಲ್ಲ. ಮಳೆಯಿಂದ ಕಾಪಾಡಲೆಂದು ಗಾಜನ್ನು ಮುಚ್ಚಬಾರದು; ಗಾಜು ಈ ಕಿರಣಗಳನ್ನು ತಡೆಯುತ್ತದೆ, ತೆಳುವಾದ ಪಾಲಿಥೀನ್ ಹಾಯಬಿಡುತ್ತದೆ.

ಈ ಸಾಧನ ಹಂದಿಯನ್ನು ತಡೆಯುವುದಿಲ್ಲ. ಮಲಗಿದವನನ್ನು ಎಬ್ಬಿಸುತ್ತದೆ, ಅಷ್ಟೆ. ಬರಿಯ ಬೆಳಕಿಗೆ ಮೃಗಗಳು ಕ್ರಮೇಣ ಒಗ್ಗಿಹೋಗುವುದೂ ಉಂಟು. ಅರಣ್ಯದೊಳಗೆ ಇದನ್ನು ಇಡಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ದೀಪವನ್ನು ಜೋಡಿಸುವ ಮುನ್ನ ಒಂದು ವಾರ ಬರಿಯ ಎಣಿಕೆಯನ್ನು ಮಾಡಿಸಿ, ಪ್ರತಿ ಸಂಕೇತದ ವೇಳೆ, ಗಾಳಿ, ಹೆಜ್ಜೆಗುರುತುಗಳನ್ನು ಪುಸ್ತಕದಲ್ಲಿ ಬರೆದಿಡುವುದು ಉಚಿತ. ನಿಜವಾದ ಎಚ್ಚರಿಕೆಗಳು ಸುಳ್ಳಿನವುಗಳಿಗಿಂತ ಹೆಚ್ಚಾದ ದಿನ ಅದನ್ನು ರೈತನ ಕೈಗೆ ಕೊಡಬಹುದು.