ಶರ್ಲಿ ಎಂಬ ಹೆಸರಿನ ವೃತ್ತಾಂತ

ಇಂಗ್ಲೆಂಡಿನ ಕೆಲವು ಊರುಗಳಿಗೆ ಮೊದಲು ಸಂದು, ಅಲ್ಲಿಂದ ಮನೆತನದ ಹೆಸರಾಗಿ, ಕ್ವಚಿತ್ತಾಗಿ ಗಂಡುಮಕ್ಕಳಿಗೂ ಇಡಲ್ಪಡುತ್ತಿದ್ದ ‘ಶರ್ಲಿ’ ಎಂಬ ನಾಮಧೇಯವು ಸ್ತ್ರೀಲೋಕವನ್ನು ಪ್ರವೇಶಿಸಿದುದು ಒಂದು ಕಾದಂಬರಿಯ ಮೂಲಕ. 1849ರಲ್ಲಿ ಷಾರ್ಲೆಟ್ ಬ್ರಾಂಟೆ ಪ್ರಕಟಿಸಿದ ಆ ಕೃತಿಯಲ್ಲಿ, ಪುತ್ರಾಪೇಕ್ಷೆಯಿಂದ ಬಹುಕಾಲ ಕಾದಿದ್ದ ದಂಪತಿಗಳು, ಹುಟ್ಟಿದ್ದು ಹೆಣ್ಣಾದರೂ, ಮಗನಿಗೆಂದು ಬಯಸಿದ್ದ ಹೆಸರನ್ನೇ ಅವಳಿಗಿಡುತ್ತಾರೆ. ಆ ನಾಯಕಿಯಾದರೋ, ಆಸ್ತಿಯ ಒಡತಿಯಾಗಿ ಬೆಳೆದು, ತನ್ನನ್ನು ತಾನೇ ‘ಕ್ಯಾಪ್ಟನ್’ ಎಂದು ವಿನೋದದಿಂದ ಕರೆದುಕೊಳ್ಳುತ್ತಾಳೆ!

ಆದರೆ ಕಾದಂಬರಿಗಿಂತ ಚಲಚ್ಚಿತ್ರದ ಮಹಿಮೆ ಹಿರಿದು. ಗುಂಗುರುಗೂದಲ ಬಾಲನಟಿ ಶರ್ಲಿ ಟೆಂಪಲ್ 1934ರಲ್ಲಿ ತೆರೆಯ ಮೇಲೆ ಹಾಡಿ ಕುಣಿದು, ಆರ್ಥಿಕ ಕುಸಿತದಿಂದ ಬಸವಳಿದಿದ್ದ ಅಮೆರಿಕನ್ನರ ಮನಸ್ಸನ್ನು ಸೂರೆಗೊಂಡ ಮರುವರ್ಷವೇ, ಅಲ್ಲಿನ ಹೆಣ್ಣುಶಿಶುಗಳ ಹೆಸರುಗಳಲ್ಲಿ ಮೇರಿಯ ತರುವಾಯದ ಎರಡನೆಯ ಸ್ಥಾನ ಶರ್ಲಿಗೆ ಲಭಿಸಿತು. ಅಷ್ಟು ವೇಗದಿಂದ ಏರಿದ ಹೆಸರು ಆ ಪೀಳಿಗೆಯೊಡನೆಯೇ ಮುಪ್ಪಡರಿತು; ಇಂದಿನ ತೊಟ್ಟಿಲುಗಳಲ್ಲಿ ಅದು ವಿರಳ.

ಪುರುಷರಲ್ಲಿ ಅದು ಸಂಪೂರ್ಣವಾಗಿ ಅಳಿಯಿತೆನ್ನುವಿರೊ? ‘ಬಿಗ್ ಡ್ಯಾಡಿ’ ಎಂದು ಬ್ರಿಟನ್ನಿನ ಟಿವಿಯಲ್ಲಿ ಪ್ರಖ್ಯಾತನಾದ, 1930ರಲ್ಲಿ ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್‌ನಲ್ಲಿ ಜನಿಸಿದ ಭೀಮಕಾಯದ ಕುಸ್ತಿಪಟುವಿನ ನಿಜನಾಮ ಶರ್ಲಿ ಕ್ರ್ಯಾಬ್‌ಟ್ರೀ. ಅವನ ತಂದೆಯ ಹೆಸರೂ ಶರ್ಲಿಯೇ.