ಎಂಟರ್ ಒತ್ತುವ ಮುನ್ನ

2017ರ ಫೆಬ್ರವರಿ 28, ಮಂಗಳವಾರ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ 9 ಗಂಟೆ 37 ನಿಮಿಷ. ಅಮೆಜಾನ್ ಕಂಪನಿಯ ಎಸ್3 ಎಂಬ ದತ್ತಾಂಶ ಕಣಜದ ಬಿಲ್ಲಿಂಗ್ ವ್ಯವಸ್ಥೆ ಯಾಕೋ ತೆವಳುತ್ತಿತ್ತು. ಕಾರಣ ಹುಡುಕುತ್ತಿದ್ದ ತಂಡದ ಒಬ್ಬರು ಕೈಪಿಡಿಯಲ್ಲಿದ್ದ ಕಮಾಂಡ್ ಒಂದನ್ನು ಟೈಪ್ ಮಾಡಿದರು. ಕೆಲವೇ ಸರ್ವರುಗಳನ್ನು ಬದಿಗೆ ಸರಿಸಬೇಕಿತ್ತು, ಅಷ್ಟೆ. ಆದರೆ ಕಮಾಂಡಿನ ಒಂದು ತುಣುಕು ತಪ್ಪಾಗಿ ಬಿತ್ತು. ಎಂಟರ್ ಒತ್ತಿದ್ದೇ ತಡ, ಹೋಗಬಾರದಷ್ಟು ಸರ್ವರುಗಳು ಒಟ್ಟಿಗೇ ಹೋದವು. ಅಸಂಖ್ಯ ಜಾಲತಾಣಗಳು ನಾಲ್ಕು ಗಂಟೆಗೂ ಮಿಕ್ಕಿ ನರಳಿದವು. ಕೆಟ್ಟಿದೆ ಎಂದು ಲೋಕಕ್ಕೆ ಸಾರಬೇಕಿದ್ದ ಅಮೆಜಾನಿನ ಸ್ಥಿತಿಫಲಕ ಕೂಡ ಎಸ್3ಯನ್ನೇ ನಂಬಿಕೊಂಡಿತ್ತು. ಹಾಗಾಗಿ ಅದು ಎಲ್ಲವೂ ಕ್ಷೇಮವೆಂದು ಹಸಿರು ತೋರಿಸುತ್ತಲೇ ಕೂತಿತ್ತು.

ಇಂಥದೊಂದು ದಿನ ಬಂದೀತೆಂಬ ಅಳುಕು ಹಳೆಯದು. 2006ರಲ್ಲಿ ಅಮೆಜಾನ್ ತನ್ನ ಕಂಪ್ಯೂಟರುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಾಗಲೇ ದೂರವೆಂಬುದು ಅರ್ಥ ಕಳೆದುಕೊಂಡಿತ್ತು. ಪುಣೆ-ಅಹಿಲ್ಯಾನಗರ (ಆಗಿನ ಅಹಮದ್‌ನಗರ) ರಸ್ತೆಯ ಶಿರೂರಿನಲ್ಲಿ ಕೂತವರೂ ಒಂದೇ ಸಾಲು ಟೈಪಿಸಿ ವರ್ಜೀನಿಯಾದ ಯಂತ್ರವನ್ನು ಎಬ್ಬಿಸಬಹುದಿತ್ತು, ಕೊಲ್ಲಲೂಬಹುದಿತ್ತು. ಐದು ಯಂತ್ರವಿದ್ದವರು ಪರದೆಯ ಮೇಲೆ ಗುಂಡಿ ಒತ್ತಿ ನಿಭಾಯಿಸಿದರು. ಐನೂರು ಇದ್ದವರು ಸ್ಕ್ರಿಪ್ಟ್ ಬರೆದರು. ಸ್ಕ್ರಿಪ್ಟು ನಡುವೆ ಮುರಿದು ಬಿದ್ದರೆ ಪೀಕಲಾಟ: ಮತ್ತೆ ಓಡಿಸಿದರೆ ಆಗಲೇ ಹುಟ್ಟಿದ್ದ ಯಂತ್ರಗಳಿಗೆ ಅವಳಿಗಳು ಹುಟ್ಟುತ್ತಿದ್ದವು. ಸಾರಿಗೆ ಒಂದು ಹಿಡಿ ಉಪ್ಪು ಹಾಕು ಎಂದು ಇಬ್ಬರಿಗೂ ಹೇಳಿ ಬಂದಂತೆ.

ಮಿಚೆಲ್ ಹಾಶಿಮೊಟೊ ಎಂಬ ಹುಡುಗನಿಗೆ ಈ ತಲೆನೋವು ಚೆನ್ನಾಗಿ ಗೊತ್ತಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ, 2010ರಲ್ಲಿ, ಅವನು ವೇಗ್ರಂಟ್ ಎಂಬ ಸಾಧನ ಕಟ್ಟಿ ಹೆಸರು ಮಾಡಿದ್ದ. 2011ರ ಫೆಬ್ರವರಿಯಲ್ಲಿ ಅಮೆಜಾನ್ 'ಕ್ಲೌಡ್‌ಫಾರ್ಮೇಶನ್' ಹೊರತಂದಿತು. ಏನೇನು ಬೇಕೆಂದು ಒಂದು ಕಡತದಲ್ಲಿ ಬರೆದುಕೊಟ್ಟರೆ ಸಾಕು, ಅದು ಕಟ್ಟಿಕೊಡುತ್ತಿತ್ತು. ಹಾಶಿಮೊಟೊ ಖುಷಿಪಟ್ಟ, ಬೆನ್ನಲ್ಲೇ ಅತೃಪ್ತನೂ ಆದ. ಅದು ಅಮೆಜಾನಿನ ಅಂಗಳ ದಾಟುತ್ತಿರಲಿಲ್ಲ. ಹೀಗೆ ಯಂತ್ರ ಬಾಡಿಗೆಗೆ ಕೊಡುವ ಎಲ್ಲ ಕ್ಲೌಡುಗಳಿಗೂ ಹೊಂದುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಸಾಧನವೊಂದು ಬೇಕೆಂದು ಅವನು ಬರೆದು ಪ್ರಕಟಿಸಿದ. ಯಾರಾದರೂ ಮಾಡಿಯಾರು ಎಂದು ಕಾದ.

ಯಾರೂ ಮಾಡಲಿಲ್ಲ. 2012ರಲ್ಲಿ ಅವನು ಸಹಪಾಠಿ ಅರ್ಮಾನ್ ದಾದ್ಗರ್ ಜೊತೆಗೂಡಿ ಹಾಶಿಕಾರ್ಪ್ ಕಂಪನಿ ತೆರೆದ. ಆಗಲೂ ಯಾರೂ ಮಾಡಿರಲಿಲ್ಲ. ಕೊನೆಗೆ ತಾವೇ ಕೈಹಾಕಿದರು.

ಕೈಹಾಕಿದ ಮೇಲೆ ತಿಳಿಯಿತು, ಯಾರೂ ಯಾಕೆ ಮಾಡಿರಲಿಲ್ಲ ಎಂದು. ಸರ್ವರ್ ಹುಟ್ಟಬೇಕಾದರೆ ಮೊದಲು ನೆಟ್‌ವರ್ಕ್ ಇರಬೇಕು. ಅಂತರ್ಜಾಲದ ಹೆಸರುಪಟ್ಟಿಯಾದ ಡಿಎನ್‌ಎಸ್‌ನಲ್ಲಿ ಹೆಸರು ದಾಖಲಿಸಲು ಸರ್ವರಿನ ವಿಳಾಸ ಬೇಕು, ಆ ವಿಳಾಸವೋ ಸರ್ವರ್ ಹುಟ್ಟುವ ತನಕ ಯಾರಿಗೂ ಗೊತ್ತಿಲ್ಲ. ಒಡೆಯುವಾಗ ಇದೆಲ್ಲ ತಿರುವುಮುರುವು. ಕ್ಲೌಡ್ ಬೇರೆ ಮಾತಿಗೆ ನಿಲ್ಲುವುದಲ್ಲ: ಈಗಷ್ಟೇ 'ಕಟ್ಟಿದೆ' ಎಂದ ವಸ್ತುವನ್ನು ಮರುಗಳಿಗೆ ಕೇಳಿದರೆ ಅಂಥದ್ದೇ ಇಲ್ಲ ಎನ್ನುತ್ತಿತ್ತು. ಎಲ್ಲವನ್ನೂ ಬಿಂದುಗಳಾಗಿ, ಅವಲಂಬನೆಗಳನ್ನು ಬಾಣಗಳಾಗಿ ಬರೆದು ಗ್ರಾಫ್ ಮಾಡಿದಾಗ ದಾರಿ ಕಂಡಿತು. ಬಾಣದ ಹಂಗಿಲ್ಲದವನ್ನು ಏಕಕಾಲಕ್ಕೆ ಕಟ್ಟು, ಹಂಗಿರುವವನ್ನು ಕಾಯಿಸು. ಬರೆಯುವ ಭಾಷೆಯ ತಕರಾರೂ ಇತ್ತು. ಜೇಸನ್ ಎಂಬ ಬರಹಕ್ರಮ ಯಂತ್ರಕ್ಕೆ ಹಿತ, ಆದರೆ ಅದರಲ್ಲಿ ಒಂದು ಟಿಪ್ಪಣಿ ಬರೆದಿಡಲೂ ಜಾಗವಿಲ್ಲ. ಹಾಗಾಗಿ ಮನುಷ್ಯರ ಕಣ್ಣಿಗೆ ಒಗ್ಗುವ ಹೊಸ ಬರಹಕ್ರಮವನ್ನೇ ಹೊಸೆದರು.

2014ರ ಜುಲೈ 28ರಂದು 'ಟೆರಾಫಾರ್ಮ್ 0.1' ಹೊರಬಂತು. ಜನ ಮುಗಿಬೀಳಲಿಲ್ಲ. ಸುಮಾರು ಒಂದೂವರೆ ವರ್ಷ ಡೌನ್‌ಲೋಡುಗಳ ಗೆರೆ ಮೇಲೇಳಲೇ ಇಲ್ಲ. ಯೋಜನೆಯನ್ನು ಕೈಬಿಡುವ ಯೋಚನೆಯೂ ಸುಳಿದುಹೋಯಿತು. ಹೊರಬಂದಾಗ ದೊಡ್ಡ ಕ್ಲೌಡುಗಳ ಪೈಕಿ ಅಮೆಜಾನ್ ಒಂದನ್ನೇ ಬಲ್ಲ ಸಾಧನಕ್ಕಾಗಿ ಅಮೆಜಾನಿನದೇ ಸಾಧನವನ್ನು ಬಿಡುವವರು ಯಾರು? ಕಾಪಾಡಿದ್ದು ಒಳಗಿನ ಒಂದು ಏರ್ಪಾಡು. ಗ್ರಾಫ್ ನಡೆಸುವ ತಿರುಳು ಬೇರೆ, ಒಂದೊಂದು ಕ್ಲೌಡಿನ ಜೊತೆ ಮಾತಾಡುವ 'ಪ್ರೊವೈಡರ್' ತುಂಡುಗಳು ಬೇರೆ. ತಿರುಳು ಮುಟ್ಟದೆ ಹೊರಗಿನವರೂ ತಮ್ಮ ಕ್ಲೌಡಿನ ತುಂಡು ಬರೆಯಬಹುದಿತ್ತು. ಒಬ್ಬೊಬ್ಬರಾಗಿ ಬರೆದರು. ಮೈಕ್ರೋಸಾಫ್ಟಿನ ಅಜ್ಯೂರ್ ಸೇರಿತು, ಗೂಗಲ್ ಸೇರಿತು. ಗೆರೆ ಏರತೊಡಗಿತು, ಏರಿದ್ದು ನಿಲ್ಲಲಿಲ್ಲ.

ಬಳಕೆ ಹೆಚ್ಚಿದಂತೆ ಅಡಗಿದ್ದ ಹುಳುಕೂ ಹೊರಬಿತ್ತು. ತಾನು ಕಟ್ಟಿದ್ದು ಯಾವುದು ಎಂಬುದನ್ನು ಟೆರಾಫಾರ್ಮ್ 'ಸ್ಟೇಟ್' ಎಂಬ ಕಡತದಲ್ಲಿ ನೆನಪಿಟ್ಟುಕೊಳ್ಳುತ್ತಿತ್ತು. ಅದು ಕಳೆದರೆ ಸಾಧನಕ್ಕೆ ಮರೆವು. ಇಬ್ಬರು ಸಹೋದ್ಯೋಗಿಗಳು ಒಂದೇ ಹೊತ್ತಿಗೆ ಓಡಿಸಿದರೆ ಒಬ್ಬರ ಬರಹದ ಮೇಲೆ ಇನ್ನೊಬ್ಬರದು. ಇದಕ್ಕೆ ಬೀಗ ಸಿಕ್ಕಿದ್ದು 0.9ರಲ್ಲಿ, 2017ರ ಮಾರ್ಚಿನಲ್ಲಿ, ಎಸ್3 ಮಲಗಿ ಎದ್ದ ಮರುತಿಂಗಳು. ತಮಾಷೆಯೆಂದರೆ, ಆ ನೆನಪಿನ ಕಡತವನ್ನು ಬಹಳ ಮಂದಿ ಇಡುತ್ತಿದ್ದದ್ದು ಎಸ್3ಯಲ್ಲೇ.

ಅಂದು ಸರ್ವರುಗಳನ್ನು ಬೀಳಿಸಿದ ಅಮೆಜಾನಿನ ಒಳಮನೆಯ ಸಾಧನಕ್ಕೆ ಟೆರಾಫಾರ್ಮ್ ಮದ್ದಾಗುತ್ತಿತ್ತೆಂದಲ್ಲ. ಅಪಘಾತದ ಬಳಿಕ ಅಮೆಜಾನ್ ತಾನೇ ಅದಕ್ಕೆ ಲಗಾಮು ಹಾಕಿತು: ಸರ್ವರುಗಳನ್ನು ನಿಧಾನವಾಗಿ ತೆಗೆ, ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿಸುವುದಾದರೆ ನಿಲ್ಲು ಎಂದು. ಹೇಳಿದ್ದನ್ನು ತಕ್ಷಣ ಮಾಡದಿರುವ ಆ ಗುಣವನ್ನು ಹಾಶಿಮೊಟೊ ಮತ್ತು ದಾದ್ಗರ್ ಸುಮಾರು ಎರಡೂವರೆ ವರ್ಷ ಮೊದಲೇ ತಮ್ಮ ಸಾಧನದ ನಡುಮನೆಯಲ್ಲಿ ಕೂರಿಸಿದ್ದರು.

ಅದರ ಗುಟ್ಟು ಇಷ್ಟೇ. ಬೇಕಾದದ್ದು ಏನೆಂಬ ಬರಹ, ಕಟ್ಟಿದ್ದರ ನೆನಪು, ಕ್ಲೌಡಿನಲ್ಲಿ ಈಗ ನಿಜಕ್ಕೂ ಇರುವುದು: 'ಪ್ಲಾನ್' ಎಂಬ ಕಮಾಂಡ್ ಈ ಮೂರನ್ನೂ ಹೋಲಿಸುತ್ತದೆ. ವ್ಯತ್ಯಾಸವನ್ನು ಪಟ್ಟಿ ಮಾಡುತ್ತದೆ, ಹುಟ್ಟುವುದಕ್ಕೆ ಹಸಿರು ಕೂಡು ಚಿಹ್ನೆ, ಸಾಯುವುದಕ್ಕೆ ಕೆಂಪು ಕಳೆ ಚಿಹ್ನೆ. ವ್ಯತ್ಯಾಸವಿಲ್ಲದಿದ್ದರೆ ಎಷ್ಟು ಸಲ ಓಡಿಸಿದರೂ ಏನನ್ನೂ ಮುಟ್ಟುವುದಿಲ್ಲ. ಕಟ್ಟುವ ಕೆಲಸ 'ಅಪ್ಲೈ' ಎಂಬ ಬೇರೆಯದೇ ಕಮಾಂಡಿನದು. ಪ್ಲಾನನ್ನು ಕಡತದಲ್ಲಿ ಉಳಿಸಿಟ್ಟು, ಅಪ್ಲೈ ಮಾಡುವಷ್ಟರಲ್ಲಿ ಬೇರೊಬ್ಬರು ಸ್ಟೇಟನ್ನು ಬದಲಿಸಿದ್ದರೆ, ಈ ಪ್ಲಾನು ಹಳಸಿದೆ ಎಂದು ಹೇಳಿ ಸಾಧನ ಅಲ್ಲೇ ನಿಂತುಬಿಡುತ್ತದೆ.